ಯೂನಿವರ್ಸಿಟಿಯ ಮೊದಲ ಸೆಮಿಸ್ಟರ್: ಹಿಂದೆ ಬೀಳದಂತೆ ವಾರ ಕಟ್ಟಿಕೊಳ್ಳುವುದು ಹೇಗೆ?

ತರಗತಿಗಳು ಶುರುವಾಗಿ ಮೂರ್ನಾಲ್ಕು ವಾರ ಕಳೆಯುವ ಹೊತ್ತಿಗೆ ಹೊಸ ವಿದ್ಯಾರ್ಥಿಗಳಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬರುತ್ತದೆ. "ದಿನಕ್ಕೆ ಎರಡೋ ಮೂರೋ ಕ್ಲಾಸು. ಉಳಿದ ಹೊತ್ತೆಲ್ಲ ಖಾಲಿ. ಆದರೂ ಎಲ್ಲದರಲ್ಲೂ ಹಿಂದೆ ಬಿದ್ದಿದ್ದೇನೆ, ಯಾಕೆ?" ಕೇಳುವವರಲ್ಲಿ ಮೊದಲಿನಿಂದಲೂ ಚೆನ್ನಾಗಿ ಓದಿಕೊಂಡು ಬಂದವರೇ ಹೆಚ್ಚು. ಪಾಠ ಏಕಾಏಕಿ ಕಷ್ಟವಾಗಿಬಿಟ್ಟಿತು ಅಂತ ಅವರಿಗೆ ಅನ್ನಿಸಿರುತ್ತದೆ.

ನನಗೆ ಹಾಗೆ ಕಾಣುವುದಿಲ್ಲ. ಪಾಠಕ್ಕಿಂತ ಹೆಚ್ಚಾಗಿ ಬದಲಾಗಿರುವುದು ನಿಮ್ಮ ಹೊತ್ತಿನ ಕಾವಲು. ಇಲ್ಲಿಯವರೆಗೆ ಅದನ್ನು ಬೇರೆಯವರು ಕಾಯುತ್ತಿದ್ದರು. ಬೆಲ್ ಹೊಡೆಯುತ್ತಿತ್ತು, ಹೋಂವರ್ಕ್ ಕೇಳುವವರಿದ್ದರು, ಎರಡು ದಿನ ಬರದಿದ್ದರೆ ಮನೆಗೆ ಸುದ್ದಿ ಹೋಗುತ್ತಿತ್ತು. ಈಗ ಆ ಕೆಲಸವೆಲ್ಲ ಸದ್ದಿಲ್ಲದೆ ನಿಮ್ಮ ಹೆಗಲಿಗೆ ಬಂದಿದೆ. ಬಂದಿದೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಆದ್ದರಿಂದ ಈ ಬರಹದಲ್ಲಿ 'ಚೆನ್ನಾಗಿ ಓದಿ' ಎಂಬ ಉಪದೇಶವಿಲ್ಲ. ವಾರವನ್ನು ಹೇಗೆ ಕಟ್ಟಿಕೊಳ್ಳಬೇಕು, ಎಲ್ಲೆಲ್ಲಿ ಎಡವುತ್ತಾರೆ, ಎಡವಿದರೆ ಏನು ಮಾಡಬೇಕು ಎಂಬುದನ್ನು ಹಂತ ಹಂತವಾಗಿ ಹೇಳಿದ್ದೇನೆ.

ಬೇಕಾದ ಸಾಮಗ್ರಿ ಬಹಳ ಇಲ್ಲ. ಇಡೀ ಸೆಮಿಸ್ಟರ್ ಒಂದೇ ನೋಟಕ್ಕೆ ಕಾಣುವಷ್ಟು ದೊಡ್ಡ ಹಾಳೆ, ಫೋನಿನಲ್ಲಿ ಒಂದು ಕ್ಯಾಲೆಂಡರ್, ವಿಷಯಕ್ಕೊಂದು ನೋಟ್‌ಬುಕ್. ಜೊತೆಗೆ, ದಿನಕ್ಕೊಮ್ಮೆ ಯೂನಿವರ್ಸಿಟಿಯ ಮೇಲ್ ತೆರೆದು ನೋಡುವ ಅಭ್ಯಾಸ. ಹೊಸ ಆ್ಯಪ್‌ಗಳನ್ನು ಹುಡುಕುತ್ತ ಮೊದಲ ವಾರ ಕಳೆಯಬೇಡಿ. ಪ್ಲಾನರ್ ಅಲಂಕರಿಸುವುದು ಓದಿನಂತೆಯೇ ಕಾಣುವ ಸೋಮಾರಿತನ.

1. ಮೊದಲ ವಾರ: ಕಾಗದಗಳನ್ನು ಓದಿ

ಪ್ರತಿ ವಿಷಯಕ್ಕೂ ಶುರುವಿನಲ್ಲೇ ಒಂದು ಕೋರ್ಸ್ ಔಟ್‌ಲೈನ್ ಕೊಡುತ್ತಾರೆ. ಕೆಲವು ಕಡೆ ಅದನ್ನೇ ಸಿಲಬಸ್ ಅನ್ನುತ್ತಾರೆ. ಯಾವ ವಾರ ಯಾವ ಪಾಠ, ಯಾವುದಕ್ಕೆ ಎಷ್ಟು ಅಂಕ, ಯಾವಾಗ ಏನು ಒಪ್ಪಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಮೇಷ್ಟರು ಮೊದಲ ದಿನ ಐದು ನಿಮಿಷ ಅದನ್ನು ತೋರಿಸಿ ಮುಂದಕ್ಕೆ ಹೋಗುತ್ತಾರೆ, ಮತ್ತೆ ಅದರ ಮಾತೆತ್ತುವುದಿಲ್ಲ. ಹೆಚ್ಚಿನ ವಿದ್ಯಾರ್ಥಿಗಳೂ ಎತ್ತುವುದಿಲ್ಲ. ಮೊದಲ ಎಡವಟ್ಟು ಆಗುವುದು ಇಲ್ಲೇ.

ಅದನ್ನು ಓದುವ ಕ್ರಮ ಹೀಗಿರಲಿ. ಮೊದಲು ಅಂಕಗಳ ಹಂಚಿಕೆ ನೋಡಿ. ಅಂತಿಮ ಪರೀಕ್ಷೆಗೆ 50, ಮಧ್ಯಂತರ ಪರೀಕ್ಷೆಗೆ 20, ಅಸೈನ್‌ಮೆಂಟ್‌ಗಳಿಗೆ 30 ಅಂತ ಇದ್ದರೆ, ಅರ್ಧ ಅಂಕ ಕೊನೆಯ ಪರೀಕ್ಷೆಗೆ ಮುಂಚೆಯೇ ತೀರ್ಮಾನವಾಗಿರುತ್ತದೆ. ಕೊನೆಯ ತಿಂಗಳು ಕೂತು ಓದಿದರೆ ಸಾಕು ಎಂಬ ಹಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆಮೇಲೆ ತಡವಾದರೆ ಏನು ಶಿಕ್ಷೆ ಅನ್ನುವ ಸಾಲು ಹುಡುಕಿ. ಕೆಲವು ವಿಷಯಗಳಲ್ಲಿ ದಿನಕ್ಕಿಷ್ಟು ಅಂಕ ಕಡಿತ, ಕೆಲವದರಲ್ಲಿ ಗಡುವು ದಾಟಿದರೆ ಸೊನ್ನೆ. ಹಾಜರಾತಿಗೆ ಕನಿಷ್ಠ ಮಿತಿ ಇದೆಯೇ, ಲ್ಯಾಬ್‌ನಲ್ಲಿ ಬೇರೆಯಾಗಿ ಪಾಸಾಗಬೇಕೇ ಎಂಬುದನ್ನೂ ಗುರುತು ಮಾಡಿಕೊಳ್ಳಿ. ಒಟ್ಟು ಅಂಕ ಸಾಕಷ್ಟಿದ್ದೂ ಲ್ಯಾಬ್ ಹೋಯಿತೆಂದು ಫೇಲಾದವರು ಪ್ರತಿ ವರ್ಷ ಇರುತ್ತಾರೆ.

ಈಗ ಎಲ್ಲ ವಿಷಯಗಳ ಗಡುವುಗಳನ್ನೂ ಆ ಒಂದೇ ದೊಡ್ಡ ಹಾಳೆಗೆ ಇಳಿಸಿ. ಒಂದೊಂದು ವಿಷಯವನ್ನೇ ನೋಡಿದಾಗ ಎಲ್ಲವೂ ಹಗುರಾಗಿ ಕಾಣುತ್ತವೆ. ಒಟ್ಟಿಗೆ ಬರೆದಾಗಲೇ ಏಳನೆಯ ವಾರದಲ್ಲೋ ಎಂಟನೆಯ ವಾರದಲ್ಲೋ ಮೂರು ಅಸೈನ್‌ಮೆಂಟು, ಎರಡು ಪರೀಕ್ಷೆ ಒಂದರ ಮೇಲೊಂದು ಬಿದ್ದಿರುವುದು ಕಣ್ಣಿಗೆ ಬೀಳುವುದು. ಮೇಷ್ಟರುಗಳು ಪರಸ್ಪರ ಮಾತಾಡಿಕೊಂಡು ದಿನಾಂಕ ಇಡುವುದು ಅಪರೂಪ. ಆ ಇಕ್ಕಟ್ಟಿನ ವಾರಕ್ಕೆ ಕೆಂಪು ಗೆರೆ ಹಾಕಿ, ಅದರ ಹಿಂದಿನ ಎರಡು ವಾರಗಳನ್ನು ಖಾಲಿ ಇಟ್ಟುಕೊಳ್ಳಿ.

ಇನ್ನೆರಡು ದಿನಾಂಕಗಳಿಗೆ ವಿಶೇಷ ಗಮನ ಬೇಕು. ಒಂದು, ವಿಷಯ ಸೇರಿಸಲು ಅಥವಾ ಬಿಡಲು ಕೊನೆಯ ದಿನ. ಇದಕ್ಕೆ ಆಡ್-ಡ್ರಾಪ್ ಅವಧಿ ಅನ್ನುತ್ತಾರೆ. ಇನ್ನೊಂದು, ಹಿಂತೆಗೆತದ ಕೊನೆಯ ದಿನ, ಅಂದರೆ ವಿತ್‌ಡ್ರಾವಲ್. ಎರಡೂ ಒಂದೇ ಅಲ್ಲ. ಮೊದಲ ಅವಧಿಯೊಳಗೆ ಬಿಟ್ಟ ವಿಷಯ ಸಾಮಾನ್ಯವಾಗಿ ಅಂಕಪಟ್ಟಿಯಲ್ಲಿ ಕಾಣುವುದೇ ಇಲ್ಲ. ಆಮೇಲೆ ಹಿಂತೆಗೆದರೆ ಅದರ ಗುರುತು ಉಳಿಯಬಹುದು, ಕಟ್ಟಿದ ಶುಲ್ಕ ವಾಪಸು ಬಾರದಿರಬಹುದು. ಯೂನಿವರ್ಸಿಟಿಯಿಂದ ಯೂನಿವರ್ಸಿಟಿಗೆ ಈ ನಿಯಮ ಬದಲಾಗುವುದರಿಂದ ಸೀನಿಯರ್ ಹೇಳಿದ್ದನ್ನು ನಂಬಿ ಕೂರದೆ ನಿಮ್ಮ ನಿಯಮಾವಳಿಯನ್ನೇ ತೆರೆದು ನೋಡಿ.

2. ಕ್ರೆಡಿಟ್ಟನ್ನು ಗಂಟೆಗೆ ಬದಲಾಯಿಸಿ

ಕ್ರೆಡಿಟ್ ಅಂದರೆ ಒಂದು ವಿಷಯಕ್ಕೆ ನೀವು ಹಾಕಬೇಕಾದ ದುಡಿಮೆಯ ಅಳತೆ. ಬರೀ ಅಂಕಪಟ್ಟಿಯ ಸಂಖ್ಯೆ ಅಂದುಕೊಂಡರೆ ಮೋಸ ಹೋಗುತ್ತೀರಿ. ಅಮೆರಿಕದ ಪದ್ಧತಿಯಲ್ಲಿ ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ತರಗತಿ, ಅದರ ಜೊತೆಗೆ ತರಗತಿಯ ಹೊರಗೆ ಕನಿಷ್ಠ ಎರಡು ಗಂಟೆ ಕೆಲಸ, ಸುಮಾರು 15 ವಾರ. ಯುರೋಪಿನ ದೇಶಗಳ ನಡುವಿನ ಕ್ರೆಡಿಟ್ ಲೆಕ್ಕವಾದ ಇಸಿಟಿಎಸ್ ಪದ್ಧತಿಯಲ್ಲಿ ಪೂರ್ಣಾವಧಿ ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ. ಅಂದರೆ ವರ್ಷಕ್ಕೆ 1,500ರಿಂದ 1,800 ಗಂಟೆ. ಎರಡು ಪದ್ಧತಿಗಳ ಕ್ರೆಡಿಟ್ ಬೇರೆ ಬೇರೆ ಗಾತ್ರದ್ದು, ಒಂದನ್ನೊಂದಕ್ಕೆ ನೇರವಾಗಿ ಹೋಲಿಸಬೇಡಿ.

ಲೆಕ್ಕ ಹಾಕಿ ನೋಡೋಣ. ತಲಾ 3 ಕ್ರೆಡಿಟ್‌ನ ಐದು ವಿಷಯ ತೆಗೆದುಕೊಂಡಿದ್ದೀರಿ, ಒಟ್ಟು 15. ಮೊದಲ ಪದ್ಧತಿಯಂತೆ ತರಗತಿ ವಾರಕ್ಕೆ 15 ಗಂಟೆ, ಸ್ವಂತ ಕೆಲಸ 30 ಗಂಟೆ, ಒಟ್ಟು 45. ವೇಳಾಪಟ್ಟಿಯಲ್ಲಿ ಅಚ್ಚಾಗಿರುವುದು ಈ 15 ಮಾತ್ರ. ಉಳಿದ 30 ಎಲ್ಲೂ ಬರೆದಿಲ್ಲ. 'ಉಳಿದ ಹೊತ್ತೆಲ್ಲ ಖಾಲಿ' ಅನ್ನುವವರು ಹಿಂದೆ ಬೀಳುವುದು ಯಾಕೆಂದರೆ ಆ ಹೊತ್ತು ಖಾಲಿಯಾಗಿರಲೇ ಇಲ್ಲ.

ಪ್ರತಿ ವಾರ 45 ಗಂಟೆ ಕೂರಲೇಬೇಕೆಂದು ನಾನು ಹೇಳುತ್ತಿಲ್ಲ. ನಿಮಗೆ ಗೊತ್ತಿರುವ ವಿಷಯಕ್ಕೆ ಕಡಿಮೆ ಸಾಕು, ಹೊಸದಕ್ಕೆ ಹೆಚ್ಚು ಬೇಕು. ಆದರೆ ಕೆಲಸ ಮಾಡಿಕೊಂಡೇ ಓದುವವರು ಈ ಲೆಕ್ಕವನ್ನು ನೋಂದಣಿಗೆ ಮುಂಚೆಯೇ ಹಾಕಬೇಕು. ವಾರಕ್ಕೆ 20 ಗಂಟೆ ದುಡಿಯುತ್ತ 45 ಗಂಟೆಯ ಓದು ಹೊತ್ತುಕೊಂಡರೆ ಕೊರತೆ ಬೀಳುವುದು ನಿದ್ದೆಗೆ. ಒಂದು ವಿಷಯ ಮುಂದಿನ ಸೆಮಿಸ್ಟರಿಗೆ ದೂಡಲು ಸಾಧ್ಯವಿದ್ದರೆ, ಅದು ಫೇಲಾಗುವುದಕ್ಕಿಂತ ಅಗ್ಗ.

3. ವಾರದ ಪಟ್ಟಿ

ತರಗತಿ, ಲ್ಯಾಬ್, ಓಡಾಟ, ಊಟ, ಕೆಲಸ, ನಿದ್ದೆ ಇಷ್ಟನ್ನೂ ಮೊದಲು ತುಂಬಿ. ಉಳಿದ ಚೌಕಗಳಲ್ಲಿ ಓದು. ಚೌಕದಲ್ಲಿ 'ಓದು' ಅಂತ ಬರೆಯಬೇಡಿ, ಅದರಿಂದ ಏನೂ ಆಗುವುದಿಲ್ಲ. 'ಮಂಗಳವಾರ 11ರಿಂದ 12:30, ಲೈಬ್ರರಿ, ಅರ್ಥಶಾಸ್ತ್ರದ ಎರಡನೇ ಲೆಕ್ಕದ ಹಾಳೆ' ಅಂತ ಬರೆಯಿರಿ. ಯಾವಾಗ, ಎಲ್ಲಿ, ಏನು ಎಂಬ ಮೂರೂ ಇದ್ದರೆ ಆ ಹೊತ್ತಿಗೆ ಮತ್ತೆ ಯೋಚಿಸುತ್ತ ಕೂರಬೇಕಿಲ್ಲ.

ಎರಡು ತರಗತಿಗಳ ನಡುವಿನ ಒಂದೂವರೆ ಗಂಟೆಯಂಥ ತುಣುಕುಗಳೇ ಅತಿ ಹೆಚ್ಚು ಪೋಲಾಗುವುದು. ರೂಮಿಗೆ ಹೋಗಿ ಬರುವಷ್ಟು ದೊಡ್ಡದಲ್ಲ, ಸುಮ್ಮನೆ ಬಿಡುವಷ್ಟು ಚಿಕ್ಕದೂ ಅಲ್ಲ. ಕಟ್ಟಡದಲ್ಲೇ ಒಂದು ಜಾಗ ಗೊತ್ತುಮಾಡಿಕೊಂಡು ಹಿಂದಿನ ತರಗತಿಯ ನೋಟ್ಸ್ ಸರಿಮಾಡುವುದಕ್ಕೆ ಅದನ್ನು ಮೀಸಲಿಡಿ.

ಒಂದು ಎಚ್ಚರಿಕೆ. ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂಬ ನಮ್ಮ ಅಂದಾಜು ಸಾಮಾನ್ಯವಾಗಿ ಕಡಿಮೆಯೇ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲೇ ಈ ದೋಷಕ್ಕೆ ಹೆಸರಿಟ್ಟಿದ್ದರು. 1994ರಲ್ಲಿ ಪ್ರಕಟವಾದ ಬ್ಯೂಲರ್, ಗ್ರಿಫಿನ್, ರಾಸ್ ಅವರ ಅಧ್ಯಯನದಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಪ್ರಬಂಧ ಮುಗಿಸಲು ಎಷ್ಟು ದಿನ ಬೇಕೆಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ನಿಜಕ್ಕೂ ಹಿಡಿದದ್ದು 55ಕ್ಕಿಂತ ಹೆಚ್ಚು. ಹೇಳಿದ ದಿನದೊಳಗೆ ಮುಗಿಸಿದವರು ಸುಮಾರು ಮೂರನೇ ಒಂದು ಭಾಗಕ್ಕೂ ಕಡಿಮೆ. ಹಾಗಾಗಿ ನಿಮಗೆ ತೋಚಿದ ಹೊತ್ತಿಗೆ ಅರ್ಧ ಸೇರಿಸಿ ಬರೆದುಕೊಳ್ಳಿ: ನಾಲ್ಕು ಗಂಟೆ ಅನ್ನಿಸಿದರೆ ಆರು. ವಾರದ ಕೊನೆಗೆ ಒಂದು ಅರ್ಧ ದಿನ ಏನೂ ಬರೆಯದೆ ಬಿಡಿ. ತಪ್ಪಿಹೋದ ಕೆಲಸಗಳೆಲ್ಲ ಅಲ್ಲಿಗೆ ಬರುತ್ತವೆ.

4. ತರಗತಿಯೂ ನೋಟ್ಸೂ

ಲೆಕ್ಚರ್ ಅಂದರೆ ದೊಡ್ಡ ಗುಂಪಿಗೆ ಪಾಠ. ಟ್ಯುಟೋರಿಯಲ್ ಅಂದರೆ ಚಿಕ್ಕ ಗುಂಪಿನಲ್ಲಿ ಲೆಕ್ಕ ಬಿಡಿಸುವ, ಸಂದೇಹ ಕೇಳುವ ತರಗತಿ. ಸೆಮಿನಾರ್‌ನಲ್ಲಿ ನೀವೇ ಓದಿಕೊಂಡು ಹೋಗಿ ಮಾತಾಡಬೇಕು. ಬಹಳ ಮಂದಿ ಲೆಕ್ಚರ್‌ಗೆ ತಪ್ಪದೆ ಹೋಗಿ ಟ್ಯುಟೋರಿಯಲ್‌ಗೆ ಚಕ್ಕರ್ ಹೊಡೆಯುತ್ತಾರೆ. ಇದು ತಲೆಕೆಳಗಾದ ಲೆಕ್ಕ. ಪರೀಕ್ಷೆಯ ಪ್ರಶ್ನೆಗಳ ಜಾಡು ಸಿಗುವುದು ಟ್ಯುಟೋರಿಯಲ್‌ನಲ್ಲೇ.

ಸ್ಲೈಡ್ ಸಿಗುತ್ತದೆ, ರೆಕಾರ್ಡಿಂಗ್ ಇದೆ, ಆಮೇಲೆ ನೋಡಿದರಾಯಿತು ಅನ್ನುವ ಧೈರ್ಯ ಬೇಡ. ಆ 'ಆಮೇಲೆ' ಹನ್ನೆರಡನೆಯ ವಾರದಲ್ಲಿ ನಲವತ್ತು ಗಂಟೆಯ ವಿಡಿಯೊ ಆಗಿ ಎದುರು ನಿಲ್ಲುತ್ತದೆ.

ನೋಟ್ಸ್ ಬರೆಯುವುದಕ್ಕೆ ನಾನು ಹೇಳುವುದು ಒಂದೇ ವಿಧಾನ. ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯಲ್ಲಿ ವಾಲ್ಟರ್ ಪಾಕ್ ಎಂಬ ಅಧ್ಯಾಪಕರು 1950ರ ದಶಕದಲ್ಲಿ ರೂಪಿಸಿದ್ದು. ಹಾಳೆಯ ಎಡಗಡೆ ನಾಲ್ಕು ಬೆರಳಿನಷ್ಟು ಅಂಚು ಬಿಟ್ಟು ಗೆರೆ ಎಳೆಯಿರಿ. ಕೆಳಗೆ ಐದಾರು ಸಾಲು ಬಿಡಿ. ತರಗತಿಯಲ್ಲಿ ಬಲಗಡೆ ಮಾತ್ರ ಬರೆಯಿರಿ, ಅದೂ ಮೇಷ್ಟರ ವಾಕ್ಯವನ್ನಲ್ಲ, ನಿಮಗೆ ಅರ್ಥವಾದದ್ದನ್ನು. ಅರ್ಥವಾಗದಿದ್ದಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿ ಜಾಗ ಬಿಟ್ಟು ಮುಂದೆ ಹೋಗಿ. ಅದೇ ದಿನ, ಸಾಧ್ಯವಾದರೆ ತರಗತಿ ಮುಗಿದ ಕೂಡಲೇ, ಹತ್ತು ನಿಮಿಷ ಕೂತು ಎಡಗಡೆಯ ಅಂಚಿನಲ್ಲಿ ಪ್ರಶ್ನೆಗಳನ್ನು ಬರೆಯಿರಿ. ಬಲಗಡೆ 'ಬೇಡಿಕೆಯ ಸ್ಥಿತಿಸ್ಥಾಪಕತ್ವ' ಎಂಬ ವಿವರಣೆ ಇದ್ದರೆ ಎಡಗಡೆ 'ಬೆಲೆ ಏರಿದರೂ ಕೆಲವು ವಸ್ತುಗಳ ಮಾರಾಟ ಯಾಕೆ ಇಳಿಯುವುದಿಲ್ಲ?' ಅಂತ. ಕೆಳಗಿನ ಜಾಗದಲ್ಲಿ ಎರಡು ವಾಕ್ಯದ ಸಾರ. ಮರುದಿನ ಬಲಗಡೆಯನ್ನು ಕೈಯಿಂದ ಮುಚ್ಚಿ ಎಡಗಡೆಯ ಪ್ರಶ್ನೆಗಳಿಗೆ ಬಾಯಲ್ಲೇ ಉತ್ತರ ಹೇಳಿ. ಗಾಬರಿಯಾಗುವಷ್ಟು ಮರೆತುಹೋಗಿರುತ್ತದೆ.

ಮರೆಯುವುದು ನಿಮ್ಮ ದೋಷವಲ್ಲ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಕಲಿತದ್ದರಲ್ಲಿ ಹೆಚ್ಚು ಪಾಲು ಮೊದಲ ದಿನದೊಳಗೇ ಜಾರಿಹೋಗುತ್ತದೆ, ಆಮೇಲೆ ಜಾರುವ ವೇಗ ತಗ್ಗುತ್ತದೆ. ಅವರು ಬಾಯಿಪಾಠ ಮಾಡಿದ್ದು ಅರ್ಥವಿಲ್ಲದ ಅಕ್ಷರಗುಂಪುಗಳನ್ನು, ಆದ್ದರಿಂದ ಅರ್ಥವಾದ ಪಾಠ ಅಷ್ಟು ಬೇಗ ಮಾಸುವುದಿಲ್ಲ. ಆದರೂ ಮೊದಲ ದಿನದ ಹತ್ತು ನಿಮಿಷಕ್ಕೆ ಬೆಲೆ ಬಂದಿರುವುದು ಈ ಕಾರಣಕ್ಕೆ.

ಇನ್ನೊಂದು ಪ್ರಯೋಗ ಇದಕ್ಕಿಂತ ಉಪಯುಕ್ತ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಗದ್ಯದ ತುಣುಕುಗಳನ್ನು ಕೊಟ್ಟರು. ಕೆಲವನ್ನು ಎರಡು ಸಲ ಓದಿಸಿದರು, ಕೆಲವನ್ನು ಒಮ್ಮೆ ಓದಿಸಿ ನೆನಪಿದ್ದಷ್ಟನ್ನು ಬರೆಯಿಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮೇಲು. ಒಂದು ವಾರದ ನಂತರ ತಿರುಗುಮುರುಗು: ಓದಿ ಬರೆದದ್ದು ಶೇ 56 ನೆನಪಿತ್ತು, ಎರಡು ಸಲ ಓದಿದ್ದು ಶೇ 42. ಪರೀಕ್ಷೆಯ ಹಿಂದಿನ ರಾತ್ರಿ ಮತ್ತೆ ಮತ್ತೆ ಓದುವವರಿಗೆ 'ಎಲ್ಲ ಬರುತ್ತಿದೆ' ಅನ್ನಿಸುವುದೂ ಪ್ರಶ್ನೆಪತ್ರಿಕೆ ಎದುರು ಖಾಲಿಯಾಗುವುದೂ ಯಾಕೆಂದು ಇದರಿಂದ ತಿಳಿಯುತ್ತದೆ. ಪರಿಚಿತವಾಗಿ ಕಂಡದ್ದನ್ನು ನಾವು ಕಲಿತದ್ದೆಂದು ತಿಳಿಯುತ್ತೇವೆ. ಬಣ್ಣದ ಪೆನ್ನಿನಿಂದ ಗೆರೆ ಎಳೆಯುತ್ತ ಹೋಗುವುದೂ ಇದೇ ಜಾತಿಯ ಭ್ರಮೆ.

ಲ್ಯಾಪ್‌ಟಾಪೋ ಕೈಬರಹವೋ ಎಂಬ ಜಗಳದಲ್ಲಿ ನಾನು ಯಾರ ಪರವೂ ಇಲ್ಲ. 2014ರ ಒಂದು ಹೆಸರಾದ ಅಧ್ಯಯನ ಕೈಬರಹವನ್ನು ಎತ್ತಿಹಿಡಿದಿತ್ತು, ಆಮೇಲೆ ಅದನ್ನು ಮತ್ತೆ ಮಾಡಿ ನೋಡಿದವರಿಗೆ ಅಷ್ಟು ಸ್ಪಷ್ಟ ಫಲಿತಾಂಶ ಸಿಗಲಿಲ್ಲ. ಲ್ಯಾಪ್‌ಟಾಪ್ ತೆರೆದರೆ ನೆಟ್ ಆಫ್ ಮಾಡಿಡಿ. ಅಷ್ಟು ಸಾಕು.

5. ಓದಬೇಕಾದ ರಾಶಿ

ಪಟ್ಟಿಯಲ್ಲಿರುವುದನ್ನೆಲ್ಲ ಓದಬೇಕೆಂದಿಲ್ಲ. ಕಡ್ಡಾಯ ಓದು, ಹೆಚ್ಚುವರಿ ಓದು ಎಂದು ಎರಡು ಬಗೆ ಇರುತ್ತವೆ. ಕಡ್ಡಾಯದ್ದನ್ನು ತರಗತಿಗೆ ಮುಂಚೆ ಕಣ್ಣಾಡಿಸಿ, ನಂತರ ಪೂರ್ತಿ ಓದಿ. ಹೆಚ್ಚುವರಿಯದು ಪ್ರಬಂಧ ಬರೆಯುವಾಗ ಬೇಕಾಗುತ್ತದೆ.

ಸಂಶೋಧನಾ ಲೇಖನವನ್ನು ಮೊದಲ ಸಾಲಿನಿಂದ ಓದಲು ಕೂತು ಮೂರನೇ ಪುಟದಲ್ಲಿ ನಿದ್ದೆ ಹೋಗುವುದು ಎಲ್ಲರ ಅನುಭವ. ಕಂಪ್ಯೂಟರ್ ವಿಜ್ಞಾನಿ ಎಸ್. ಕೇಶವ್ 2007ರಲ್ಲಿ ಇದಕ್ಕೆ ಸುತ್ತುಗಳ ವಿಧಾನ ಹೇಳಿದ್ದರು. ಮೊದಲ ಸುತ್ತು ಐದರಿಂದ ಹತ್ತು ನಿಮಿಷ: ಶೀರ್ಷಿಕೆ, ಸಾರಾಂಶ, ಪೀಠಿಕೆ, ಉಪಶೀರ್ಷಿಕೆಗಳು, ಕೊನೆಯ ತೀರ್ಮಾನ. ಇಷ್ಟರಲ್ಲೇ ಬೇಕೋ ಬೇಡವೋ ಗೊತ್ತಾಗುತ್ತದೆ. ಬೇಕಾದರೆ ಎರಡನೇ ಸುತ್ತಿನಲ್ಲಿ ಚಿತ್ರ, ಕೋಷ್ಟಕಗಳನ್ನು ಗಮನಿಸುತ್ತ ಸುಮಾರು ಒಂದು ಗಂಟೆ. ಮೂರನೇ ಸುತ್ತು, ಅಂದರೆ ಸಾಲು ಸಾಲಾಗಿ ಬಿಡಿಸಿ ಓದುವುದು, ಮೊದಲ ವರ್ಷದವರಿಗೆ ಬೇಕಾಗುವುದು ಅಪರೂಪ.

ಲೈಬ್ರರಿಯವರನ್ನು ಒಮ್ಮೆ ಮಾತಾಡಿಸಿ ಬನ್ನಿ. ಪುಸ್ತಕ ಕೊಳ್ಳುವ ಮೊದಲು, ಲೇಖನಕ್ಕೆ ದುಡ್ಡು ಕಟ್ಟುವ ಮೊದಲು ಅಲ್ಲಿ ಕೇಳಿ. ನಿಮ್ಮ ಲಾಗಿನ್‌ನಿಂದಲೇ ತೆರೆಯುವ ಜರ್ನಲ್‌ಗಳು ಎಷ್ಟಿವೆ ಎಂಬುದು ಬಹಳ ವಿದ್ಯಾರ್ಥಿಗಳಿಗೆ ಕೊನೆಯ ವರ್ಷದವರೆಗೂ ಗೊತ್ತಿರುವುದಿಲ್ಲ.

6. ಮೇಷ್ಟರ ಬಾಗಿಲು ತಟ್ಟುವುದು

ಆಫೀಸ್ ಅವರ್ಸ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಮೇಷ್ಟರು ತಮ್ಮ ಕೆಲಸ ಮಾಡಿಕೊಳ್ಳುವ ಹೊತ್ತು, ತೊಂದರೆ ಕೊಡಬಾರದು ಅಂತ ಎಷ್ಟೋ ಹುಡುಗರು ತಿಳಿದಿರುತ್ತಾರೆ. ಅದು ವಿದ್ಯಾರ್ಥಿಗಳಿಗೆಂದೇ ಇಟ್ಟ ಹೊತ್ತು. ಕೋಣೆಯಲ್ಲಿ ಅವರು ಒಬ್ಬರೇ ಕೂತು ಕಾಯುತ್ತಿರುವ ವಾರಗಳೇ ಹೆಚ್ಚು.

ಹೋಗುವಾಗ 'ಏನೂ ಅರ್ಥ ಆಗಿಲ್ಲ ಸರ್' ಅನ್ನುತ್ತ ಹೋಗಬೇಡಿ, ಅದಕ್ಕೆ ಯಾರಿಂದಲೂ ಉತ್ತರ ಕೊಡಲಾಗದು. ಎಲ್ಲಿಯವರೆಗೆ ಬಂದಿರಿ, ಎಲ್ಲಿ ನಿಂತಿರಿ ಎಂಬುದು ಹಾಳೆಯ ಮೇಲಿರಲಿ. ಮೇಲ್ ಬರೆಯುವುದಾದರೂ ಅಷ್ಟೇ. ಹೀಗೆ ಬರೆದರೆ ಸಾಕು:

"ವಿಷಯ: ಅಂಕಿಅಂಶ ಕೋರ್ಸ್, ಎರಡನೇ ಅಸೈನ್‌ಮೆಂಟ್, ಮೂರನೇ ಪ್ರಶ್ನೆ.
ನಮಸ್ಕಾರ ಮೇಡಂ, ನಾನು ನಿಮ್ಮ ಮಂಗಳವಾರದ ಗುಂಪಿನ ವಿದ್ಯಾರ್ಥಿನಿ. ಮೂರನೇ ಪ್ರಶ್ನೆಯಲ್ಲಿ ಸರಾಸರಿ ಕಂಡುಹಿಡಿಯುವವರೆಗೆ ಸರಿಯಾಗಿ ಬಂದಿದೆ. ವ್ಯತ್ಯಯ ಕಂಡುಹಿಡಿಯುವಾಗ ಎನ್ ಬದಲು ಎನ್-1ರಿಂದ ಯಾಕೆ ಭಾಗಿಸಬೇಕೆಂದು ಗೊತ್ತಾಗಲಿಲ್ಲ. ನನ್ನ ಲೆಕ್ಕದ ಫೋಟೊ ಲಗತ್ತಿಸಿದ್ದೇನೆ. ಗುರುವಾರ ನಿಮ್ಮ ಆಫೀಸ್ ಅವರ್ಸ್‌ನಲ್ಲಿ ಬರಲೇ?"

ಕೆಳಗೆ ಹೆಸರು, ನೋಂದಣಿ ಸಂಖ್ಯೆ. ಯೂನಿವರ್ಸಿಟಿಯ ವಿಳಾಸದಿಂದಲೇ ಕಳಿಸಿ. ರಾತ್ರಿ ಕಳಿಸಿ ಬೆಳಿಗ್ಗೆ ಉತ್ತರ ಬರಲಿಲ್ಲವೆಂದು ನೆನಪೋಲೆ ಬಿಡಬೇಡಿ, ಎರಡು ಕೆಲಸದ ದಿನ ಬಿಡಿ.

7. ಅಸೈನ್‌ಮೆಂಟ್

ಪ್ರಶ್ನೆಯ ಕ್ರಿಯಾಪದವನ್ನು ಮೊದಲು ನೋಡಿ. 'ವಿವರಿಸಿ' ಅಂದರೆ ಹೇಗಿದೆಯೆಂದು ಹೇಳುವುದು. 'ಹೋಲಿಸಿ' ಅಂದರೆ ಎರಡನ್ನೂ ಒಂದೇ ಅಳತೆಗೋಲಿನಿಂದ ನೋಡುವುದು. 'ವಿಮರ್ಶಿಸಿ' ಅಂದರೆ ನಿಮ್ಮ ತೀರ್ಮಾನವೂ ಅದಕ್ಕೆ ಆಧಾರವೂ ಬೇಕು. ವಿಮರ್ಶಿಸಿ ಎಂದಲ್ಲಿ ಹತ್ತು ಪುಟ ವಿವರಣೆ ಬರೆದವರಿಗೆ ಕಡಿಮೆ ಅಂಕ ಬಂದಾಗ ಅನ್ಯಾಯವಾಯಿತೆನಿಸುತ್ತದೆ. ರೂಬ್ರಿಕ್, ಅಂದರೆ ಯಾವ ಅಂಶಕ್ಕೆ ಎಷ್ಟು ಅಂಕ ಎಂಬ ಕೋಷ್ಟಕ, ಕೊಟ್ಟಿದ್ದರೆ ಅದನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯಿರಿ.

ಕೃತಿಚೌರ್ಯದ ಬಗ್ಗೆ ಹೊಸಬರಿಗೆ ಇರುವ ದೊಡ್ಡ ತಪ್ಪು ಕಲ್ಪನೆಯೆಂದರೆ, ಶಬ್ದ ಬದಲಾಯಿಸಿದರೆ ಸಾಕು ಎಂಬುದು. ವಾಕ್ಯ ನಿಮ್ಮದಾದರೂ ವಿಚಾರ ಇನ್ನೊಬ್ಬರದಾದರೆ ಅವರ ಹೆಸರು ಹೇಳಲೇಬೇಕು. ನಿಮ್ಮದೇ ಹಳೆಯ ಪ್ರಬಂಧವನ್ನು ಇನ್ನೊಂದು ವಿಷಯಕ್ಕೆ ಮತ್ತೆ ಕೊಡುವುದೂ ಬಹಳ ಕಡೆ ತಪ್ಪೇ. ಸಿಕ್ಕಿಬೀಳುವ ಹೆಚ್ಚಿನವರು ಕದಿಯಲು ಹೊರಟವರಲ್ಲ. ಓದುವಾಗ ಎಲ್ಲಿಂದ ಬರೆದುಕೊಂಡೆ ಅಂತ ಗುರುತು ಹಾಕದೆ, ತಿಂಗಳ ನಂತರ ಅದು ಸ್ವಂತ ವಾಕ್ಯವೆಂದು ನಂಬಿದವರು. ಬರೆದುಕೊಳ್ಳುವಾಗಲೇ ಪುಟಸಂಖ್ಯೆ ಹಾಕಿಡಿ. ಎಐ ಸಲಕರಣೆಗಳ ವಿಷಯದಲ್ಲಿ ಒಂದೇ ಯೂನಿವರ್ಸಿಟಿಯೊಳಗೂ ವಿಷಯದಿಂದ ವಿಷಯಕ್ಕೆ ನಿಯಮ ಬೇರೆ. ಔಟ್‌ಲೈನ್‌ನಲ್ಲಿ ಇಲ್ಲದಿದ್ದರೆ ಮೇಷ್ಟರನ್ನೇ ಕೇಳಿ, ಉತ್ತರ ಮೇಲ್‌ನಲ್ಲಿರಲಿ.

ಒಪ್ಪಿಸುವ ಹೊತ್ತನ್ನು ಗಡುವಿಗಿಂತ ಒಂದು ದಿನ ಮುಂಚೆ ಇಟ್ಟುಕೊಳ್ಳಿ. ನಾನು ಮೊದಲ ವರ್ಷದಲ್ಲಿ ರಾತ್ರಿ 11:56ಕ್ಕೆ ಅಪ್‌ಲೋಡ್ ಮಾಡಿ ನೆಮ್ಮದಿಯಾಗಿ ಮಲಗಿದ್ದೆ. ಹೋಗಿದ್ದು ಎರಡು ದಿನ ಹಳೆಯ ಕರಡು, ಮಧ್ಯದಲ್ಲಿ 'ಇಲ್ಲಿ ಏನಾದರೂ ಬರೆಯಬೇಕು' ಅನ್ನುವ ಸಾಲು ಹಾಗೇ ಇತ್ತು. ಅಪ್‌ಲೋಡ್ ಆದ ಮೇಲೆ ಆ ಕಡತವನ್ನು ಡೌನ್‌ಲೋಡ್ ಮಾಡಿ ತೆರೆದು ನೋಡಿ.

ಗುಂಪು ಕೆಲಸವಾದರೆ ಮೊದಲ ಸಭೆಯಲ್ಲೇ ಯಾರು, ಏನು, ಯಾವಾಗ ಎಂಬ ಮೂರು ಕಾಲಮ್ ಬರೆದು ಎಲ್ಲರಿಗೂ ಕಳಿಸಿ. ಕೆಲಸ ಮಾಡದವರ ಬಗ್ಗೆ ದೂರುವುದಾದರೆ ಒಪ್ಪಿಸುವ ಹಿಂದಿನ ದಿನ ಬೇಡ, ಎರಡು ವಾರ ಮುಂಚೆ ಹೇಳಿ.

8. ನಿದ್ದೆ, ದುಡ್ಡು, ಜೊತೆಯವರು

ವಯಸ್ಕರಿಗೆ ರಾತ್ರಿ 7 ಗಂಟೆಯಾದರೂ ನಿದ್ದೆ ಬೇಕು. ಇಲ್ಲಿ ಮಲಗು ಅನ್ನುವವರಿಲ್ಲ, ಅದೇ ತೊಂದರೆ. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿಯಾಗಿ ಹಿಡಿದರೆ ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ. ಕೆಫೀನ್ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ, ಅಂದರೆ ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತದೆ.

ದುಡ್ಡನ್ನು ತಿಂಗಳಿಗಲ್ಲ, ವಾರಕ್ಕೆ ಭಾಗ ಮಾಡಿ. ಬಾಡಿಗೆ, ಶುಲ್ಕ, ಓಡಾಟದ ಪಾಸ್ ಮೊದಲೇ ಬದಿಗಿಟ್ಟು, ಉಳಿದದ್ದನ್ನು ನಾಲ್ಕೂವರೆ ಪಾಲು ಮಾಡಿದರೆ ತಿಂಗಳ ಕೊನೆಯ ಪರದಾಟ ತಪ್ಪುತ್ತದೆ.

ರೂಮ್‌ಮೇಟ್ ಜೊತೆ ಮೊದಲ ವಾರವೇ ಮೂರು ಮಾತು ಆಡಿ ಮುಗಿಸಿ: ದೀಪ ಆರಿಸುವ ಹೊತ್ತು, ಹೊರಗಿನವರು ಬರುವುದು, ಸ್ವಚ್ಛತೆಯ ಸರದಿ. ಆಗ ಮುಜುಗರ ಅನ್ನಿಸುವುದು ಎರಡು ನಿಮಿಷ. ಮೂರು ತಿಂಗಳು ಮನಸ್ಸಿನಲ್ಲೇ ಮಸೆದು ಆಮೇಲೆ ಸಿಡಿದರೆ ಅದು ಬರೀ ದೀಪದ ಜಗಳವಾಗಿ ಉಳಿಯುವುದಿಲ್ಲ.

ಒಂಟಿತನದ ಬಗ್ಗೆ ಕೇಳುವವರು ಬಹಳ, ಆದರೆ ಹೆಚ್ಚಿನವರು ಅದನ್ನು ಕೊನೆಯ ಸಾಲಿನಲ್ಲಿ, 'ಇನ್ನೊಂದು ವಿಷಯ' ಅಂತ ಸೇರಿಸಿ ಕೇಳುತ್ತಾರೆ. ಮೊದಲ ವಾರದಲ್ಲೇ ಎಲ್ಲರಿಗೂ ಗೆಳೆಯರ ಗುಂಪು ಸಿಕ್ಕಿಬಿಟ್ಟಿದೆ, ನನಗೊಬ್ಬನಿಗೇ ಇಲ್ಲ ಅನ್ನಿಸುವುದು ಸಹಜ. ಆ ಗುಂಪುಗಳಲ್ಲಿ ಹೆಚ್ಚಿನವು ಎರಡು ತಿಂಗಳಿಗೆ ಚದುರುತ್ತವೆ. ಗೆಳೆತನ ಕೂಡುವುದು ಒಬ್ಬರನ್ನೇ ಮತ್ತೆ ಮತ್ತೆ ನೋಡುವುದರಿಂದ. ಆದ್ದರಿಂದ ಹತ್ತು ಕ್ಲಬ್‌ಗೆ ಹೆಸರು ಕೊಡುವ ಬದಲು ವಾರಕ್ಕೊಮ್ಮೆ ಸೇರುವ ಒಂದಕ್ಕೆ ಸೇರಿ ತಪ್ಪದೆ ಹೋಗಿ. ಟ್ಯುಟೋರಿಯಲ್‌ನಲ್ಲಿ ಪ್ರತಿ ಸಲ ಒಂದೇ ಜಾಗದಲ್ಲಿ ಕೂರುವುದೂ ಕೆಲಸ ಮಾಡುತ್ತದೆ. ಮನೆಗೆ ಫೋನ್ ಮಾಡುವುದಕ್ಕೆ ಒಂದು ಹೊತ್ತು ಗೊತ್ತುಮಾಡಿ. ದಿನವಿಡೀ ಸಂದೇಶ ಕಳಿಸುತ್ತಿದ್ದರೆ ಮೈ ಇಲ್ಲಿ, ಮನಸ್ಸು ಅಲ್ಲಿ ಆಗಿಬಿಡುತ್ತದೆ.

ಎರಡು ವಾರಕ್ಕೂ ಹೆಚ್ಚು ನಿದ್ದೆ ಬಾರದೆ, ಊಟ ಸೇರದೆ, ಹಾಸಿಗೆಯಿಂದ ಏಳುವುದೇ ಬೇಡ ಅನ್ನಿಸುತ್ತಿದ್ದರೆ ಅದು ಹೊಂದಾಣಿಕೆಯ ಪ್ರಶ್ನೆಯಾಗಿ ಉಳಿದಿಲ್ಲ. ಯೂನಿವರ್ಸಿಟಿಯ ಆರೋಗ್ಯ ಕೇಂದ್ರಕ್ಕೋ ಆಪ್ತಸಮಾಲೋಚಕರ ಬಳಿಗೋ ಹೋಗಿ. ಬದುಕೇ ಬೇಡ ಎಂಬ ಯೋಚನೆ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅದೇ ದಿನ ಹತ್ತಿರದವರೊಬ್ಬರನ್ನು ಕರೆದುಕೊಂಡು ವೈದ್ಯರ ಬಳಿ ಹೋಗಿ.

9. ಆರನೇ ವಾರ, ಈಗಾಗಲೇ ಹಿಂದೆ ಬಿದ್ದಿದ್ದರೆ

ಇದನ್ನು ಓದುತ್ತಿರುವವರಲ್ಲಿ ಅರ್ಧ ಮಂದಿ ನೇರವಾಗಿ ಇಲ್ಲಿಗೇ ಬಂದಿರುತ್ತೀರಿ. ಒಳ್ಳೆಯದೇ.

ಮೊದಲ ವಾರದಿಂದ ಮತ್ತೆ ಶುರುಮಾಡಲು ಹೋಗಬೇಡಿ. ಎಲ್ಲರೂ ಮಾಡುವ ತಪ್ಪು ಅದು. ಒಂದನೇ ಪಾಠದಿಂದ ಹಿಡಿದು ಮೂರನೇ ಪಾಠಕ್ಕೆ ಬರುವಷ್ಟರಲ್ಲಿ ತರಗತಿ ಒಂಬತ್ತಕ್ಕೆ ಹೋಗಿರುತ್ತದೆ. ಈ ವಾರದ ಪಾಠವನ್ನು ಈ ವಾರವೇ ಹಿಡಿಯಿರಿ, ಅದಕ್ಕೆ ಬೇಕಾದಷ್ಟನ್ನು ಮಾತ್ರ ಹಿಂದಕ್ಕೆ ಹೋಗಿ ಓದಿ. ಹಳೆಯ ಬಾಕಿಗೆ ವಾರದಲ್ಲಿ ಎರಡು ಚೌಕ ಬೇರೆಯಾಗಿ ಇಡಿ.

ಬಾಕಿಯಿರುವ ಕೆಲಸಗಳನ್ನೆಲ್ಲ ಬರೆದು, ಒಂದೊಂದರ ಮುಂದೆ ಅದರ ಅಂಕವನ್ನೂ ಬೇಕಾಗುವ ಗಂಟೆಯನ್ನೂ ಬರೆಯಿರಿ. ಶೇ 2ರ ಕ್ವಿಜ್‌ಗೆ ಆರು ಗಂಟೆ ಬೇಕಾದರೆ, ಶೇ 20ರ ವರದಿಗೆ ಹತ್ತು ಗಂಟೆ ಸಾಕಾದರೆ, ಕ್ವಿಜ್ ಬಿಟ್ಟುಕೊಡಿ. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿ ಅಭ್ಯಾಸವಿರುವವರಿಗೆ ಇದು ಬಹಳ ಕಷ್ಟ. ಆದರೂ ಬಿಡಿ.

ಗಡುವು ವಿಸ್ತರಣೆ ಕೇಳುವುದಿದ್ದರೆ ಗಡುವಿಗೆ ಮುಂಚೆ ಕೇಳಿ. ಬುಧವಾರದ ಗಡುವಿಗೆ ಸೋಮವಾರ ಕೇಳಿದವರನ್ನು ಯೋಜನೆಯುಳ್ಳವರೆಂದು ನೋಡುತ್ತಾರೆ, ಗುರುವಾರ ಕೇಳಿದವರನ್ನು ನೆಪ ಹೇಳುವವರೆಂದು. ಕಾರಣ ಎರಡು ಸಾಲು ಸಾಕು. ಈವರೆಗೆ ಎಷ್ಟು ಮುಗಿದಿದೆ, ಯಾವ ದಿನ ಕೊಡುತ್ತೀರಿ ಎಂಬುದನ್ನು ಖಚಿತವಾಗಿ ಬರೆಯಿರಿ. ಕಾಯಿಲೆಯಾಗಿದ್ದರೆ ವೈದ್ಯರ ಪತ್ರವನ್ನು ಆ ದಿನವೇ ಮಾಡಿಸಿ, ಹಿಂದಿನ ತಾರೀಕಿಗೆ ಪತ್ರ ಸಿಗುವುದಿಲ್ಲ.

ಒಂದು ವಿಷಯ ಪೂರ್ತಿ ಕೈಬಿಟ್ಟುಹೋಗಿದ್ದರೆ ಹಿಂತೆಗೆತದ ದಿನಾಂಕ ನೋಡಿ ಅಧ್ಯಯನ ಸಲಹೆಗಾರರನ್ನು ಕಾಣಿ. ಹೋಗುವ ಮುನ್ನ, ಆ ವಿಷಯ ಮುಂದಿನ ಯಾವ ವಿಷಯಗಳಿಗೆ ಪೂರ್ವಾರ್ಹತೆ ಎಂದು ಪರಿಶೀಲಿಸಿ. ಒಂದು ಬಿಟ್ಟರೆ ಹಿಂದಿನಿಂದ ಮೂರು ತಡವಾಗಬಹುದು. ವಿದ್ಯಾರ್ಥಿವೇತನ, ವೀಸಾ, ಹಾಸ್ಟೆಲ್ ಇವುಗಳಲ್ಲಿ ಯಾವುದಕ್ಕಾದರೂ ಕನಿಷ್ಠ ಕ್ರೆಡಿಟ್ ಷರತ್ತು ಇದ್ದರೆ ಅದನ್ನೂ.

ಆರನೇ ವಾರದ ಸುಮಾರಿಗೆ ಮೊದಲ ಉತ್ತರಪತ್ರಿಕೆ ತಿದ್ದಿ ವಾಪಸು ಬರುತ್ತದೆ. ಅಂಕ ನೋಡಿ ಮಡಚಿಡಬೇಡಿ. ಕಳೆದುಕೊಂಡ ಒಂದೊಂದು ಅಂಕದ ಮುಂದೆ ಕಾರಣ ಬರೆಯಿರಿ: ಗೊತ್ತಿರಲಿಲ್ಲ, ಗೊತ್ತಿತ್ತು ಆದರೆ ನೆನಪಾಗಲಿಲ್ಲ, ಪ್ರಶ್ನೆ ತಪ್ಪು ಓದಿದೆ, ಹೊತ್ತು ಸಾಲಲಿಲ್ಲ. 'ನೆನಪಾಗಲಿಲ್ಲ' ಹೆಚ್ಚಿದ್ದರೆ ನಾಲ್ಕನೇ ಹಂತಕ್ಕೆ ವಾಪಸು ಹೋಗಿ, 'ಗೊತ್ತಿರಲಿಲ್ಲ' ಹೆಚ್ಚಿದ್ದರೆ ಆರನೆಯದಕ್ಕೆ. ತಿದ್ದಿದ್ದರಲ್ಲಿ ತಪ್ಪಿದೆ ಅನ್ನಿಸಿದರೆ ಮರುಪರಿಶೀಲನೆಗೂ ಒಂದು ಕೊನೆಯ ದಿನ ಇರುತ್ತದೆ. ಮುಂದಿನ ಸೆಮಿಸ್ಟರಿನ ನೋಂದಣಿ ತೆರೆಯುವುದೂ ಬಹಳ ಕಡೆ ಈ ಸೆಮಿಸ್ಟರ್ ಮುಗಿಯುವ ಮೊದಲೇ. ಆ ಎರಡು ದಿನಾಂಕಗಳನ್ನೂ ಗೋಡೆಯ ಮೇಲಿನ ದೊಡ್ಡ ಹಾಳೆಗೆ ಇಂದೇ ಸೇರಿಸಿ.